ಒಂದು ಪೈಸೆ ಎಲ್ಲಿ ಹೋಯಿತು: ಸಿಂಗಲ್ ಪ್ರಿಸಿಷನ್ ಫ್ಲೋಟ್ ದೋಷ ನಿವಾರಣೆ ಕೈಪಿಡಿ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಅಡತಿ ಅಂಗಡಿಗೆಂದು ಬರೆದ ಬಿಲ್ಲಿಂಗ್ ಪ್ರೋಗ್ರಾಮು. ಸಣ್ಣ ಪಟ್ಟಿಗಳ ಲೆಕ್ಕವೆಲ್ಲ ಸರಿ. ದೊಡ್ಡ ಲಾಟು ಬಂದು ಮೊತ್ತ 1,84,327.35 ಆಗಬೇಕಾದಾಗ ಮಾತ್ರ ಪಟ್ಟಿಯಲ್ಲಿ 1,84,327.34 ಎಂದು ಅಚ್ಚಾಗುತ್ತದೆ. ಗುಣಾಕಾರ ಸರಿಯಿದೆ, ದರ ಸರಿಯಿದೆ, ತೂಕ ಸರಿಯಿದೆ. ಆದರೂ ಒಂದು ಪೈಸೆ ಕಡಿಮೆ. ಇಂಥದ್ದು ಕಂಡಾಗ ಹೆಚ್ಚಿನವರು ಕೈ ಹಾಕುವುದು ರೌಂಡಿಂಗ್ ಸೂತ್ರಕ್ಕೆ. ಅಲ್ಲಿಗೆ ಹೋಗಬೇಡಿ. ಆ ಮೊತ್ತವನ್ನು ಇಟ್ಟಿರುವ ವೇರಿಯಬಲ್ ಯಾವ ಬಗೆಯದು ಎಂಬುದನ್ನು ಮೊದಲು ನೋಡಿ. ಅದು ಫ್ಲೋಟ್ (ದಶಮಾಂಶ ಸಂಖ್ಯೆಯನ್ನು 32 ಬಿಟ್ಟಿನಲ್ಲಿ ಇಡುವ ಬಗೆ, ಇದೇ ಸಿಂಗಲ್ ಪ್ರಿಸಿಷನ್) ಆಗಿದ್ದರೆ ಸೂತ್ರ ಎಷ್ಟು ತಿದ್ದಿದರೂ 35 ಪೈಸೆ ಬರುವುದಿಲ್ಲ, ಏಕೆಂದರೆ 184327.35ಕ್ಕೆ ಅತಿ ಹತ್ತಿರವಾಗಿ ಫ್ಲೋಟ್ ಹಿಡಿಯಬಲ್ಲ ಸಂಖ್ಯೆ 184327.34375. ಅದರ ಮುಂದಿನದು 184327.359375. ಇವೆರಡರ ನಡುವೆ ಏನೂ ಇಲ್ಲ.

ಫ್ಲೋಟ್ ತೊಂದರೆಗಳ ಬಹುಪಾಲು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ನಿಮ್ಮ ಸಂಖ್ಯೆ ಇರುವ ಗಾತ್ರದಲ್ಲಿ ಒಂದು ಫ್ಲೋಟಿನಿಂದ ಮುಂದಿನ ಫ್ಲೋಟಿಗೆ ಎಷ್ಟು ದೂರ? ಈ ದೂರವನ್ನು ಇಲ್ಲಿ ‘ಹೆಜ್ಜೆ’ ಎನ್ನೋಣ. ಕೋಡು ಮುಟ್ಟುವ ಮೊದಲು ಹೆಜ್ಜೆಯ ಲೆಕ್ಕ ಹಾಕಬೇಕು. ಕಾಗದದ ಮೇಲೆ ಅರ್ಧ ನಿಮಿಷದ ಕೆಲಸ ಅದು.

ಮೊದಲು: ಇದು ಸಿಂಗಲ್ಲೋ, ಡಬಲ್ಲೋ?

ತಪ್ಪು ಎಷ್ಟನೇ ಅಂಕಿಯಲ್ಲಿ ಕಾಣುತ್ತದೆ ಎಂಬುದೇ ಇದನ್ನು ಹೇಳುತ್ತದೆ. 0.30000000000000004 ಎಂಬಂಥದ್ದು ಕಂಡರೆ ಅದು ಡಬಲ್, ಅಂದರೆ 64 ಬಿಟ್ಟಿನ ಬಗೆ. ಹದಿನಾರು ಹದಿನೇಳನೇ ಅಂಕಿಯ ಹತ್ತಿರದ ಕೊಸರು. 0.10000000149011612 ಎಂದು ಕಂಡರೆ ಆ ಮೌಲ್ಯ ದಾರಿಯಲ್ಲಿ ಎಲ್ಲೋ ಒಂದು ಕಡೆ ಸಿಂಗಲ್ ಪ್ರಿಸಿಷನ್ ಮೂಲಕ ಹಾದು ಬಂದಿದೆ ಎಂದೇ ಅರ್ಥ. ಸರ್ವರ್ ಪೈಥಾನ್‌ನಲ್ಲಿದ್ದರೂ, ಪರದೆ ಜಾವಾಸ್ಕ್ರಿಪ್ಟ್‌ನಲ್ಲಿದ್ದರೂ (ಎರಡರಲ್ಲೂ ಸಾಮಾನ್ಯ ದಶಮಾಂಶ ಸಂಖ್ಯೆ ಡಬಲ್ಲೇ) ನಡುವೆ ನಮ್‌ಪೈಯ (ಪೈಥಾನಿನ ಲೆಕ್ಕದ ಲೈಬ್ರರಿ) ಫ್ಲೋಟ್32 ಅರೇ ಒಂದಿದ್ದರೆ, ಡೇಟಾಬೇಸಿನಲ್ಲಿ ಫ್ಲೋಟ್ ಕಾಲಂ ಒಂದಿದ್ದರೆ ಸಾಕು. ಒಮ್ಮೆ ಕಳೆದ ಬಿಟ್ಟು ಡಬಲ್ಲಿಗೆ ಹಾಕಿದರೂ ಮರಳಿ ಬರುವುದಿಲ್ಲ.

ಪ್ರಿಂಟ್ ಮಾಡಿ ನೋಡುವಾಗ ಎರಡು ದಶಮಾಂಶಕ್ಕೆ ನಿಲ್ಲಿಸಬೇಡಿ. ಎರಡು ದಶಮಾಂಶದ ಅಚ್ಚು ರೋಗವನ್ನು ಮುಚ್ಚಿಡುತ್ತದೆ. ಒಂಬತ್ತು ಸಾರ್ಥಕ ಅಂಕಿ ಕೇಳಿ. ಯಾವ ಸಿಂಗಲ್ ಫ್ಲೋಟನ್ನಾದರೂ ಗೊಂದಲವಿಲ್ಲದೆ ಗುರುತಿಸಲು ಒಂಬತ್ತು ಅಂಕಿ ಸಾಕಾಗುತ್ತವೆ. ಆರ್ಡುಯಿನೊ (ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್) ಸೀರಿಯಲ್ ಪ್ರಿಂಟ್ ತಾನಾಗಿಯೇ ಎರಡು ದಶಮಾಂಶಕ್ಕೆ ನಿಲ್ಲುತ್ತದೆ, ಅಂಕಿಗಳ ಸಂಖ್ಯೆಯನ್ನು ನೀವೇ ಕೊಡಬೇಕು. ಮೈಎಸ್‌ಕ್ಯೂಎಲ್ ಇನ್ನೂ ಮುಂದೆ ಹೋಗಿ ಫ್ಲೋಟ್ ಕಾಲಮಿನ ಮೌಲ್ಯವನ್ನು ಆರೇ ಅಂಕಿಗೆ ತೋರಿಸುತ್ತದೆ; 184327.35 ಹಾಕಿದರೆ ಬರಿ 184327 ಕಾಣುತ್ತದೆ. ಪೈಸೆಯೆಲ್ಲ ಹಾರಿಹೋಯಿತೆಂದು ಗಾಬರಿಯಾಗುವುದು ಬೇಡ, ಒಳಗೆ .34375 ಇದ್ದೇ ಇದೆ. ಆದರೆ .35 ಇಲ್ಲ.

32 ಬಿಟ್ಟಿನೊಳಗೆ

ಫ್ಲೋಟನ್ನು ಬಿಟ್ಟುಗಳಲ್ಲಿ ಹೇಗೆ ಇಡಬೇಕೆಂದು ಹೇಳುವ ಐಇಇಇ 754 ಮಾನದಂಡ 1985ರಲ್ಲಿ ಬಂತು. ಅದರ ಹಿಂದಿನ ಮುಖ್ಯ ತಲೆ ವಿಲಿಯಂ ಕಹಾನ್. 1989ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಇಂದು ಸಿ, ಜಾವಾ, ಆರ್ಡುಯಿನೊ ಎಲ್ಲ ಕಡೆ ನಾವು ಬಳಸುವ ಫ್ಲೋಟ್ ಅದೇ ಅಳತೆಯದು: ಚಿಹ್ನೆಗೆ 1 ಬಿಟ್, ಘಾತಕ್ಕೆ 8 ಬಿಟ್, ಭಿನ್ನಾಂಶಕ್ಕೆ 23 ಬಿಟ್. ಘಾತವನ್ನು 127 ಕೂಡಿಸಿ ಬರೆದಿಡಲಾಗುತ್ತದೆ. ಭಿನ್ನಾಂಶದ ಮುಂದೆ ಬರೆಯದ ಒಂದು ‘1’ ಇರುತ್ತದೆ, ಹಾಗಾಗಿ ನಿಜವಾದ ನಿಖರತೆ 24 ಬಿಟ್. ದಶಮಾನದಲ್ಲಿ ಹೇಳುವುದಾದರೆ ಸುಮಾರು ಏಳು ಅಂಕಿ. ಬಿಂದುವಿನ ನಂತರ ಏಳಲ್ಲ. ಮೊದಲ ಅಂಕಿಯಿಂದ ಎಣಿಸಿ ಒಟ್ಟು ಏಳು. ಬಿಲ್ಲಿಂಗ್ ಬರೆಯುವವರು ಎಡವುವುದು ಇಲ್ಲೇ.

0.1 ಎಂಬ ಸಂಖ್ಯೆ ಒಳಗೆ ಹೀಗೆ ಕೂತಿರುತ್ತದೆ:

0 01111011 10011001100110011001101

ಘಾತದ ಬಿಟ್ಟುಗಳ ಬೆಲೆ 123, ಅದರಲ್ಲಿ 127 ಕಳೆದರೆ −4. ಅಂದರೆ ಸಂಖ್ಯೆ 1/16 ಮತ್ತು 1/8ರ ನಡುವೆ ಇದೆ. ಭಿನ್ನಾಂಶದಲ್ಲಿ 1001 ಎಂಬುದು ಮತ್ತೆ ಮತ್ತೆ ಬರುತ್ತದೆ. ಬೈನರಿಯಲ್ಲಿ 0.1 ಎಂಬುದು ಮುಗಿಯದ ಸಾಲು, ದಶಮಾನದಲ್ಲಿ ಮೂರನೇ ಒಂದು ಇದ್ದ ಹಾಗೆ. 23 ಬಿಟ್ಟಿಗೆ ಜಾಗ ಮುಗಿದಾಗ ಕೊನೆಯದನ್ನು ಮೇಲಕ್ಕೆ ಏರಿಸಿ 101 ಮಾಡಿದ್ದಾರೆ. ಹಾಗಾಗಿ ಅಲ್ಲಿರುವುದು 0.1 ಅಲ್ಲ, 0.100000001490116119384765625.

ಹೆಜ್ಜೆಯ ಲೆಕ್ಕ ಹೀಗೆ: ನಿಮ್ಮ ಸಂಖ್ಯೆಯನ್ನು ಮೀರದ, ಎರಡರ ಅತಿ ದೊಡ್ಡ ಘಾತವನ್ನು ಹುಡುಕಿ. ಅದನ್ನು 83,88,608ರಿಂದ ಭಾಗಿಸಿ. ಇದು 2ರ 23ನೇ ಘಾತ. ಬಂದದ್ದೇ ಹೆಜ್ಜೆ. ರೊಕ್ಕದ ಲೆಕ್ಕಕ್ಕೆ ಬೇಕಾಗುವ ಕೆಲವು ಸಾಲುಗಳು:

65,536ರಿಂದ 1,31,072ರವರೆಗೆ: 0.0078125, ಪೈಸೆಗಿಂತ ಸ್ವಲ್ಪ ಕಡಿಮೆ
1,31,072ರಿಂದ 2,62,144ರವರೆಗೆ: 0.015625, ಒಂದೂವರೆ ಪೈಸೆಗೂ ಹೆಚ್ಚು
10,48,576ರಿಂದ 20,97,152ರವರೆಗೆ: 0.125, ಹನ್ನೆರಡೂವರೆ ಪೈಸೆ
83,88,608ರಿಂದ 1,67,77,216ರವರೆಗೆ: 1 ರೂಪಾಯಿ
1,67,77,216ರಿಂದ 3,35,54,432ರವರೆಗೆ: 2 ರೂಪಾಯಿ

ಬಿಲ್ಲಿನ ಪೈಸೆ ತಪ್ಪಲು ಶುರುವಾಗುವ ಗಡಿ 1,31,072. ಹುಬ್ಬಳ್ಳಿಯ ಅಮರಗೋಳ ಯಾರ್ಡಿನ ಒಂದು ಅಂಗಡಿಯ ದಿನದ ಒಟ್ಟು ಮೊತ್ತ ಕೋಟಿ ದಾಟಿತೆಂದುಕೊಳ್ಳಿ. ಆ ಮೊತ್ತ ಫ್ಲೋಟಿನಲ್ಲಿದ್ದರೆ ಅದರಲ್ಲಿ ಪೈಸೆ ಎಂಬುದೇ ಇರುವುದಿಲ್ಲ. 1,67,77,216ಕ್ಕೆ ಒಂದು ರೂಪಾಯಿ ಕೂಡಿಸಿದರೆ ಉತ್ತರ ಅಷ್ಟೇ, 1,67,77,216.

ಪರಿಹಾರದಲ್ಲಿ ಎರಡು ಮಾತಿಲ್ಲ. ರೊಕ್ಕವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. 32 ಬಿಟ್ ಪೂರ್ಣಾಂಕ ಸಾಲದು: ಅದು 2,14,74,836 ರೂಪಾಯಿ 47 ಪೈಸೆಗೆ ತುಂಬಿಹೋಗುತ್ತದೆ. 64 ಬಿಟ್ ಬಳಸಿ. ಡೇಟಾಬೇಸಿನಲ್ಲಿ ಎರಡು ದಶಮಾಂಶದ ಡೆಸಿಮಲ್ ಕಾಲಂ ಇರಲಿ. ಡಬಲ್ ಹಾಕಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ತಪ್ಪು ಕಾಣಿಸುವುದು ತಡವಾಗುತ್ತದೆ ನಿಜ, ಆದರೆ ಹತ್ತು ಪೈಸೆ ಡಬಲ್ಲಿನಲ್ಲೂ ಮುಗಿಯದ ಸಾಲೇ.

ಹೋಲಿಕೆ ಸೋಲುತ್ತದೆ

ಲಕ್ಷಣ: ತೂಕ 0.1 ಇದ್ದರೂ ‘ಸಮ’ ಎಂಬ ಪರೀಕ್ಷೆ ಸುಳ್ಳಾಗುತ್ತದೆ. ಸಿ ಮತ್ತು ಜಾವಾದಲ್ಲಿ ಬರಿ 0.1 ಎಂದು ಬರೆದರೆ ಅದು ಡಬಲ್. ಫ್ಲೋಟ್ ವೇರಿಯಬಲ್ಲಿನಲ್ಲಿರುವ 0.1 ಮತ್ತು ಕೋಡಿನಲ್ಲಿ ಬರೆದ 0.1 ಎರಡೂ ಬೇರೆ ಬೇರೆ ಸಂಖ್ಯೆಗಳು. ಮೈಎಸ್‌ಕ್ಯೂಎಲ್‌ನ ಫ್ಲೋಟ್ ಕಾಲಮಿನಲ್ಲಿ 12.1 ಹುಡುಕಿದರೆ ಸಾಲು ಸಿಗದಿರುವುದೂ ಇದೇ ಕಾರಣಕ್ಕೆ.

ಇದು ಪರೀಕ್ಷೆಯ ಹೊತ್ತಿಗೆ ಸಿಕ್ಕಿಬೀಳದಿರಲು ಒಂದು ಕಾರಣವಿದೆ. ಮಾದರಿ ತೂಕ ಹಾಕುವವರ ಕೈಗೆ ಮೊದಲು ಬರುವುದು ಅರ್ಧ ಕಿಲೋ, ಪಾವು ಕಿಲೋ, ಮುಕ್ಕಾಲು ಕಿಲೋ. 0.5, 0.25, 0.75 ಇವು ಬೈನರಿಯಲ್ಲಿ ಪೂರ್ತಿ ನಿಖರ. ಪರೀಕ್ಷೆ ಪಾಸಾಗುತ್ತದೆ. ಅಂಗಡಿಯಲ್ಲಿ ನೂರು ಗ್ರಾಮಿನದೋ ಇನ್ನೂರು ಗ್ರಾಮಿನದೋ ಪೊಟ್ಟಣ ತಕ್ಕಡಿಗೆ ಬಿದ್ದಾಗ ಸೋಲುತ್ತದೆ. ಪರೀಕ್ಷೆಗೆ 0.1, 0.2, 0.7 ಹಾಕಿ.

‘ವ್ಯತ್ಯಾಸ ಎಪ್ಸಿಲಾನ್‌ಗಿಂತ ಕಡಿಮೆಯೇ’ ಎಂದು ಕೇಳುವ ಚಾಳಿಯೂ ಎಲ್ಲೆಡೆ ನಡೆಯುವುದಿಲ್ಲ. ಭಾಷೆ ಕೊಡುವ ಎಪ್ಸಿಲಾನ್ ಸುಮಾರು 0.000000119, ಅದು 1ರ ಬಳಿಯ ಹೆಜ್ಜೆ. 2 ಮತ್ತು ಅದಕ್ಕೂ ದೊಡ್ಡ ಸಂಖ್ಯೆಗಳಲ್ಲಿ ಹೆಜ್ಜೆಯೇ ಅದಕ್ಕಿಂತ ದೊಡ್ಡದು, ಹಾಗಾಗಿ ಆ ಪರೀಕ್ಷೆ ನೇರ ‘ಸಮ’ ಪರೀಕ್ಷೆಯೇ ಆಗಿಬಿಡುತ್ತದೆ. ತೂಕಕ್ಕೆ ತಕ್ಕಡಿಯ ನಿಖರತೆಯ ಅರ್ಧವನ್ನು ಮಿತಿಯಾಗಿ ಇಡಿ: 10 ಗ್ರಾಮಿನ ತಕ್ಕಡಿಗೆ 0.005 ಕಿಲೋ. ಮಿತಿಯನ್ನು ಕೊಡಬೇಕಾದದ್ದು ಅಳೆಯುವ ಉಪಕರಣ, ಭಾಷೆಯ ಹೆಡರ್ ಫೈಲ್ ಅಲ್ಲ.

100ಕ್ಕೂ 100.0ಕ್ಕೂ ಬೇರೆ ಉತ್ತರ

ರೂಪಾಯಿಯನ್ನು ಪೈಸೆಗೆ ತಿರುಗಿಸುವಾಗಲೇ ಒಂದು ಗುಂಡಿ ಇದೆ. ಫ್ಲೋಟಿನಲ್ಲಿ 19.99 ಹಾಕಿ. ಒಳಗೆ ನಿಲ್ಲುವುದು ಸುಮಾರು 19.98999977. ಇದನ್ನು 100ರಿಂದ ಗುಣಿಸಿ ಪೂರ್ಣಾಂಕಕ್ಕೆ ಕತ್ತರಿಸಿದರೆ 1999 ಬರುತ್ತದೆ. 100.0ರಿಂದ ಗುಣಿಸಿ ಕತ್ತರಿಸಿದರೆ 1998. ಮೊದಲನೆಯದರಲ್ಲಿ ಗುಣಾಕಾರ ಫ್ಲೋಟಿನಲ್ಲೇ ನಡೆದು, ಅಲ್ಲಿನ ಹೆಜ್ಜೆ ಸುಮಾರು 0.000122 ಆದ್ದರಿಂದ ಉತ್ತರ ಹತ್ತಿರದ 1999ಕ್ಕೆ ಹೋಗಿ ಕೂತಿತು. ಎರಡನೆಯದರಲ್ಲಿ 100.0 ಡಬಲ್ ಆದ್ದರಿಂದ ಲೆಕ್ಕ ಡಬಲ್ಲಿನಲ್ಲಿ ನಡೆದು 1998.99998ರ ಆಸುಪಾಸು ಉಳಿಯಿತು; ಕತ್ತರಿಸಿದಾಗ ಒಂದು ಪೈಸೆ ಬಿತ್ತು. ಹೆಚ್ಚು ನಿಖರವಾದ ಗುಣಾಕಾರವೇ ತಪ್ಪು ಉತ್ತರ ಕೊಟ್ಟದ್ದನ್ನು ಗಮನಿಸಿ. ಕತ್ತರಿಸಬಾರದು, ಹತ್ತಿರದ ಪೂರ್ಣಾಂಕಕ್ಕೆ ರೌಂಡ್ ಮಾಡಬೇಕು. ಇನ್ನೂ ಒಳ್ಳೆಯದು: ಬಳಕೆದಾರ ಟೈಪ್ ಮಾಡಿದ ಅಕ್ಷರಗಳನ್ನು ಬಿಂದುವಿನ ಎಡ ಬಲಕ್ಕೆ ಒಡೆದು ನೇರ ಪೂರ್ಣಾಂಕ ಮಾಡುವುದು, ಫ್ಲೋಟಿನ ಬಾಗಿಲಿಗೇ ಹೋಗದಿರುವುದು.

ಓಡುವ, ಕುಂಟುವ, ಕೊನೆಗೆ ನಿಲ್ಲುವ ಮೀಟರ್

ಹತ್ತಿ ಜಿನ್ನಿಂಗ್ ಗಿರಣಿಯ ಮೀಟರಿಗೋ ಗದಗ ಸೀಮೆಯ ಗಾಳಿಯಂತ್ರದ ಬಳಿಯ ಲಾಗರಿಗೋ ಒಂದು ಪಲ್ಸ್ ತಂತಿ ಜೋಡಿಸಿದ್ದೀರಿ. ಯೂನಿಟ್ಟಿಗೆ 100 ಪಲ್ಸ್, ಪ್ರತಿ ಪಲ್ಸಿಗೆ ಒಟ್ಟು ಮೊತ್ತಕ್ಕೆ 0.01 ಕೂಡಿಸುತ್ತೀರಿ. ಮೊದಲ ತಿಂಗಳುಗಳಲ್ಲಿ ಲಾಗರಿನ ಓದು ಮೀಟರಿನ ಓದಿಗೆ ಹೊಂದುತ್ತದೆ. ಆಮೇಲೆ ಸ್ವಲ್ಪ ಹಿಂದೆ ಬೀಳುತ್ತದೆ. ಆಮೇಲೆ ಮುಂದೆ ಓಡುತ್ತದೆ. ತಂತಿಯ ಗದ್ದಲ ಎಂದು ಕೆಪಾಸಿಟರ್ ಹಾಕುತ್ತಾರೆ, ಆಪ್ಟೋಕಪ್ಲರ್ ಬದಲಿಸುತ್ತಾರೆ, ರೀಡ್ ಸ್ವಿಚ್ ಬೌನ್ಸ್ ಎಂದು ಡಿಲೇ ಕೊಡುತ್ತಾರೆ. ಒಂದು ದಿನ ಓದು ಸರಿಯಾಗಿ 2,62,144ಕ್ಕೆ ನಿಂತು ಮತ್ತೆ ಅಲುಗುವುದಿಲ್ಲ.

ತಂತಿಯದೇನೂ ತಪ್ಪಿಲ್ಲ. ಒಟ್ಟು ಮೊತ್ತ ಹೆಜ್ಜೆಯ ಗುಣಕವಾಗಿಯೇ ಇರಬೇಕಾದ್ದರಿಂದ, ಪ್ರತಿ ಬಾರಿ ಕೂಡುವ 0.01 ಕೂಡ ಹತ್ತಿರದ ಹೆಜ್ಜೆಗೆ ಹೋಗಿ ಸೇರುತ್ತದೆ. 16,384 ದಾಟಿದ ಮೇಲೆ ಹೆಜ್ಜೆ 1/512, 0.01ರಲ್ಲಿ 5.12 ಹೆಜ್ಜೆ, ಅಂದರೆ ಐದು. ಕೂಡುವುದು 0.009765625, ಶೇಕಡಾ ಎರಡೂ ಚಿಲ್ಲರೆ ಕಡಿಮೆ. 32,768 ದಾಟಿದರೆ 2.56 ಹೆಜ್ಜೆ, ಮೂರಾಗುತ್ತದೆ: 0.01171875, ಶೇಕಡಾ 17 ಹೆಚ್ಚು. 65,536 ದಾಟಿದರೆ 1.28 ಹೆಜ್ಜೆ, ಒಂದಾಗುತ್ತದೆ: 0.0078125, ಶೇಕಡಾ 22 ಕಡಿಮೆ. 1,31,072 ದಾಟಿದರೆ 0.64 ಹೆಜ್ಜೆ, ಅದೂ ಒಂದೇ: 0.015625, ಶೇಕಡಾ 56 ಹೆಚ್ಚು. 2,62,144ರಲ್ಲಿ 0.32 ಹೆಜ್ಜೆ ಸೊನ್ನೆಯಾಗುತ್ತದೆ. ಮೀಟರ್ ನಿಂತಿತು. ಹಾರ್ಡ್‌ವೇರ್ ದೋಷಕ್ಕೆ ಎರಡರ ಘಾತಗಳ ಗುರುತಿರುವುದಿಲ್ಲ. ಯಾವುದೇ ಓದು 16,384, 65,536, 2,62,144 ಇಂಥ ಕಡೆ ನಡತೆ ಬದಲಿಸಿದರೆ ಬೆಸುಗೆ ಕಡ್ಡಿ ಕೆಳಗಿಟ್ಟು ಕೋಡು ತೆರೆಯಿರಿ.

‘ಡಬಲ್ ಮಾಡಿದರೂ ಹಾಗೇ ಇದೆ’ ಎಂಬ ದೂರು ಬಂದರೆ ಬೋರ್ಡ್ ಯಾವುದೆಂದು ಕೇಳಿ. ಆರ್3ವರೆಗಿನ ಹಳೆಯ ಆರ್ಡುಯಿನೊ ಉನೊ ಮೇಲೆ ಡಬಲ್ ಎಂದು ಬರೆದರೂ ಸಿಗುವುದು 4 ಬೈಟಿನ ಫ್ಲೋಟೇ. ಇಎಸ್‌ಪಿ32 ಮೇಲೆ ನಿಜವಾದ ಡಬಲ್ ಸಿಗುತ್ತದೆ, ಆದರೆ ಅದರ ಹಾರ್ಡ್‌ವೇರ್ ಸಿಂಗಲ್ಲಿಗೆ ಮಾತ್ರ. ಡಬಲ್ ಲೆಕ್ಕ ಸಾಫ್ಟ್‌ವೇರಿನಲ್ಲಿ ನಿಧಾನವಾಗಿ ನಡೆಯುತ್ತದೆ. ಸರಿಯಾದ ದಾರಿ ಪಲ್ಸುಗಳನ್ನು ಪೂರ್ಣಾಂಕವಾಗಿ ಎಣಿಸುವುದು. ಚಿಹ್ನೆಯಿಲ್ಲದ 32 ಬಿಟ್ಟಿನಲ್ಲಿ 4,29,49,672 ಯೂನಿಟ್ಟಿನವರೆಗೆ ಒಂದು ಪಲ್ಸೂ ತಪ್ಪದೆ ನಡೆಯುತ್ತದೆ. ತೋರಿಸುವಾಗ ಮಾತ್ರ ನೂರರಿಂದ ಭಾಗಿಸಿ, ಅದನ್ನೂ ಪೂರ್ಣ ಭಾಗ ಮತ್ತು ಶೇಷವಾಗಿ.

ಕೂಡಬೇಕಾದದ್ದು ಪಲ್ಸ್ ಅಲ್ಲದೆ ಸೆನ್ಸರಿನ ದಶಮಾಂಶ ಓದೇ ಆಗಿದ್ದರೆ, ಕಹಾನ್ 1965ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಕೆಲಸಕ್ಕೆ ಬರುತ್ತದೆ. ಬಾಕಿಯನ್ನು ಸೊನ್ನೆಯಿಂದ ಶುರುಮಾಡಿ, ಪ್ರತಿ ಹೊಸ ಓದಿಗೆ:

ಯ = ಓದು − ಬಾಕಿ
ತ = ಮೊತ್ತ + ಯ
ಬಾಕಿ = (ತ − ಮೊತ್ತ) − ಯ
ಮೊತ್ತ = ತ

ಕೂಡುವಾಗ ಉದುರಿದ ಚೂರು ‘ಬಾಕಿ’ಯಲ್ಲಿ ಉಳಿದು ಮುಂದಿನ ಸಲ ಸೇರುತ್ತದೆ. ಎರಡು ಎಚ್ಚರ. ಕಂಪೈಲರಿಗೆ ಫಾಸ್ಟ್ ಮ್ಯಾಥ್ ಆಯ್ಕೆ ಕೊಟ್ಟಿದ್ದರೆ ಅದು ಮೂರನೇ ಸಾಲನ್ನು ಬೀಜಗಣಿತದಲ್ಲಿ ಸೊನ್ನೆ ಎಂದು ಬಗೆದು ತೆಗೆದುಹಾಕಬಹುದು. ಆ ಆಯ್ಕೆ ಬೇಡ. ಕರೆಂಟ್ ಹೋಗುವ ಊರಿನಲ್ಲಿ ಮೊತ್ತದ ಜೊತೆ ಬಾಕಿಯನ್ನೂ ಮೆಮೊರಿಗೆ ಬರೆದಿಡಿ.

ವೋಲ್ಟೇಜ್ −0.00

ಆರ್‌ಎಸ್-485 ತಂತಿಯಲ್ಲಿ ಮೋಡ್‌ಬಸ್ (ಉಪಕರಣಗಳು ತಮ್ಮ ಓದನ್ನು 16 ಬಿಟ್ಟಿನ ರಿಜಿಸ್ಟರುಗಳಾಗಿ ಕಳಿಸುವ ಪದ್ಧತಿ) ಮೀಟರ್ ಓದುವಾಗ ಸಂಪರ್ಕ ಸರಿ, ದೋಷ ಸಂಕೇತ ಇಲ್ಲ, ಆದರೆ ವೋಲ್ಟೇಜ್ −0.00. ಮೈನಸ್ ಚಿಹ್ನೆಯೇ ಸುಳಿವು. 230.5 ವೋಲ್ಟ್ ಎಂಬುದು ಹೆಕ್ಸಿನಲ್ಲಿ 4366 ಮತ್ತು 8000 ಎಂಬ ಎರಡು ರಿಜಿಸ್ಟರುಗಳಾಗಿ ಬರುತ್ತದೆ. ಕ್ರಮ ತಿರುಗಿ 8000 4366 ಎಂದು ಜೋಡಿಸಿದರೆ ಮೊದಲ ಬಿಟ್ 1, ಅಂದರೆ ಋಣ. ಘಾತದ ಎಂಟೂ ಬಿಟ್ ಸೊನ್ನೆ. ಬೆಲೆ ಸುಮಾರು −2.4 ಗುಣಿಸು 10ರ −41ನೇ ಘಾತ. 50 ಹರ್ಟ್ಸ್ ಇರುವ ಕಡೆ ಇದೇ ತಪ್ಪು ಬರಿ 0.00 ಎಂದು ಕಾಣುತ್ತದೆ. ಎರಡು ರಿಜಿಸ್ಟರುಗಳನ್ನು ಅದಲುಬದಲು ಮಾಡಿ. ಮೀಟರಿನ ಕೈಪಿಡಿಯಲ್ಲಿ ಈ ಕ್ರಮ ಬರೆದಿರದಿದ್ದರೆ 230ರ ಆಸುಪಾಸು ಬರುವ ಜೋಡಣೆಯೇ ಸರಿ.

ಬಸ್ಸಿನ ಜಿಪಿಎಸ್: ಪೂರ್ವ-ಪಶ್ಚಿಮ ಮಾತ್ರ ಏಕೆ ಒರಟು?

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ನಾಲ್ಕೂ ಊರುಗಳ ಅಕ್ಷಾಂಶ 14 ಮತ್ತು 16ರ ನಡುವೆ, ರೇಖಾಂಶ 75 ದಾಟಿ 76ರೊಳಗೆ. ಅಕ್ಷಾಂಶ 8–16ರ ಪಟ್ಟಿಯಲ್ಲಿ ಬೀಳುವುದರಿಂದ ಅದರ ಹೆಜ್ಜೆ ನೆಲದ ಮೇಲೆ ಸುಮಾರು 10 ಸೆಂಟಿಮೀಟರ್. ರೇಖಾಂಶ 64–128ರ ಪಟ್ಟಿಯಲ್ಲಿ. ಅದರ ಹೆಜ್ಜೆ ಸುಮಾರು 82 ಸೆಂಟಿಮೀಟರ್. ನಕ್ಷೆಯ ಮೇಲೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಚುಕ್ಕೆ ತೋರಿಸಲು ಇದು ಧಾರಾಳ ಸಾಕು, ಜಿಪಿಎಸ್‌ನ ಸ್ವಂತ ತಪ್ಪೇ ಇದಕ್ಕಿಂತ ದೊಡ್ಡದು. ತೊಂದರೆ ಬರುವುದು ಎರಡು ಓದುಗಳನ್ನು ಕಳೆದು ವೇಗ ತೆಗೆಯುವಾಗ. ಸೆಕೆಂಡಿಗೆ ಹತ್ತು ಓದು ಬರುವ ಮಾಡ್ಯೂಲ್ ಇದ್ದರೆ ಒಂದೇ ಹೆಜ್ಜೆ ಸೆಕೆಂಡಿಗೆ 8.2 ಮೀಟರ್ ಆಯಿತು. ಸಿಗ್ನಲ್ಲಿನಲ್ಲಿ ತೆವಳುವ ಬಸ್ಸಿನ ಪೂರ್ವ-ಪಶ್ಚಿಮ ವೇಗ ಒಮ್ಮೆ 0, ಒಮ್ಮೆ ಗಂಟೆಗೆ 29 ಕಿಲೋಮೀಟರ್ ಎಂದು ಕುಣಿಯುತ್ತದೆ. ಉತ್ತರ-ದಕ್ಷಿಣ ವೇಗ ಶಾಂತವಾಗಿರುತ್ತದೆ. ಈ ಅಸಮತೋಲ ಕಂಡರೆ ಆಂಟೆನಾ ಬದಲಿಸುವ ಅಗತ್ಯವಿಲ್ಲ. ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿದ 32 ಬಿಟ್ ಪೂರ್ಣಾಂಕವಾಗಿ ಇಡಿ. 180 ಡಿಗ್ರಿಯೂ ಅದರಲ್ಲಿ ಹಿಡಿಯುತ್ತದೆ, ನಿಖರತೆ ಸುಮಾರು ಒಂದು ಸೆಂಟಿಮೀಟರ್. ಮಾಡ್ಯೂಲಿನಿಂದ ಬಂದ ಪಠ್ಯವನ್ನು ನೇರ ಪೂರ್ಣಾಂಕಕ್ಕೆ ಓದಿ.

ಇದಕ್ಕಿಂತ ಕೆಟ್ಟದ್ದು ನಿಲ್ದಾಣದಿಂದ ನಿಲ್ದಾಣಕ್ಕೆ ದೂರ ತೆಗೆಯುವ ಆರ್ಕ್ ಕೊಸೈನ್ ಸೂತ್ರ. ಹತ್ತಿರದ ಎರಡು ಬಿಂದುಗಳ ಕೊಸೈನ್ 1ಕ್ಕೆ ಅಂಟಿಕೊಂಡಿರುತ್ತದೆ, 1ರ ಕೆಳಗಿನ ಹೆಜ್ಜೆ 2ರ −24ನೇ ಘಾತ. ಉಳಿದೆಲ್ಲ ಲೆಕ್ಕ ತಪ್ಪಿಲ್ಲದೆ ಬಂದರೂ 1.55 ಕಿಲೋಮೀಟರಿಗಿಂತ ಹತ್ತಿರದ ನಿಲ್ದಾಣಗಳ ದೂರ 0 ಎನ್ನುತ್ತದೆ. ಅದರ ಮುಂದಿನ ಸಾಧ್ಯ ಉತ್ತರ 2.2 ಕಿಲೋಮೀಟರ್. ಕೊಸೈನ್ ರೌಂಡಿಂಗಿನಲ್ಲಿ 1 ದಾಟಿದರೆ ಉತ್ತರ ಎನ್‌ಎಎನ್, ಅಂದರೆ ‘ಇದು ಸಂಖ್ಯೆಯೇ ಅಲ್ಲ’ ಎಂಬ ಗುರುತು. ಹ್ಯಾವರ್‌ಸೈನ್ ಸೂತ್ರ ಬಳಸಿ.

ಚುಟುಕಾಗಿ ಇನ್ನು ಕೆಲವು

ಯುನಿಕ್ಸ್ ಸಮಯವನ್ನು ಫ್ಲೋಟಿನಲ್ಲಿ ಇಟ್ಟರೆ ಗಡಿಯಾರ 128 ಸೆಕೆಂಡಿಗೊಮ್ಮೆ ಜಿಗಿಯುತ್ತದೆ. 9ರಿಂದ ಶುರುವಾಗುವ ಮೊಬೈಲ್ ಸಂಖ್ಯೆ ಫ್ಲೋಟಿನಲ್ಲಿ 1024ರ ಹೆಜ್ಜೆಗೆ ಸರಿದು ಬೇರೆಯವರ ಸಂಖ್ಯೆಯಾಗುತ್ತದೆ; ಅದು ಪಠ್ಯ, ಸಂಖ್ಯೆಯಲ್ಲ.

ಎನ್‌ಎಎನ್ ವಿಷಯದಲ್ಲಿ ಮಾತ್ರ ಅವಸರ ಬೇಡ. ತಂತಿ ಕಿತ್ತ ಸೆನ್ಸರಿನ ಓದನ್ನು ಹಲವು ಲೈಬ್ರರಿಗಳು ಎನ್‌ಎಎನ್ ಎಂದು ಕೊಡುತ್ತವೆ. ಎನ್‌ಎಎನ್ ಯಾವುದಕ್ಕೂ ಹೆಚ್ಚಲ್ಲ, ಕಡಿಮೆಯಲ್ಲ, ತನಗೇ ಸಮವಲ್ಲ. ‘ಶಾಖ 60 ದಾಟಿದರೆ ಹೀಟರ್ ಆರಿಸು’ ಎಂದು ಬರೆದ ಡ್ರೈಯರ್ ಹೀಟರನ್ನು ಎಂದೂ ಆರಿಸುವುದಿಲ್ಲ. ‘ಶಾಖ 60ಕ್ಕಿಂತ ಕಡಿಮೆ ಇದ್ದರೆ ಮಾತ್ರ ಹೀಟರ್ ಉರಿಯಲಿ, ಇಲ್ಲದಿದ್ದರೆ ಆರಲಿ’ ಎಂದು ತಿರುಗಿಸಿ ಬರೆಯಿರಿ. ಬೆಂಕಿಗೆ ಸಂಬಂಧಿಸಿದ್ದರಲ್ಲಿ ಈ ಒಂದು ಸಾಲನ್ನು ಬಿಡಲೇಬಾರದು.

ಎಲ್ಲ ಫ್ಲೋಟನ್ನೂ ಕಿತ್ತು ಹಾಕಬೇಕಿಲ್ಲ. ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ 12 ಬಿಟ್ ಎಡಿಸಿ ಕೊಡುವುದು 4096 ಮಟ್ಟ. 24 ಬಿಟ್ ನಿಖರತೆಯ ಫ್ಲೋಟ್ ಅದಕ್ಕೆ ಬೇಕಾದಷ್ಟಾಯಿತು. ಶಾಖ, ತೇವಾಂಶ, ಬ್ಯಾಟರಿ ವೋಲ್ಟೇಜ್ ಇರುವ ಹಾಗೇ ಇರಲಿ.

ದುರಸ್ತಿ ಆದ ಮೇಲೆ

ಎಂಟ್ರಿ ಪರದೆಯಲ್ಲಿ 131072.01 ಹಾಕಿ, ಉಳಿಸಿ, ಪಟ್ಟಿ ಅಚ್ಚು ಹಾಕಿ. .02 ಬಂದರೆ ದಾರಿಯಲ್ಲಿ ಇನ್ನೂ ಒಂದು ಸಿಂಗಲ್ ಉಳಿದಿದೆ. ಆಮೇಲೆ 16777217, ಕೊನೆಯ ಅಂಕಿ 6 ಆಗಿದ್ದರೆ ಅದೇ ಮಾತು. ಪರದೆ, ಡೇಟಾಬೇಸ್, ವರದಿ, ಎಕ್ಸ್‌ಪೋರ್ಟ್ ಫೈಲ್ ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಿ.

ಕಾಲಮನ್ನು ಡೆಸಿಮಲ್ಲಿಗೆ ಬದಲಿಸಿದ ಮಾತ್ರಕ್ಕೆ ಹಳೆಯ ಸಾಲುಗಳು ಸರಿಯಾಗುವುದಿಲ್ಲ, .34375 ಎಂಬುದು .34 ಆಗಿ ಗಟ್ಟಿಯಾಗುತ್ತದೆ ಅಷ್ಟೇ. ಆದರೆ ತೂಕ ಮತ್ತು ಕ್ವಿಂಟಲ್ ದರದ ಕಾಲಮುಗಳು ಫ್ಲೋಟಿನಲ್ಲಿದ್ದರೂ 1,31,072ರ ಒಳಗಿದ್ದರೆ ಮೂಲ ಬೆಲೆ ಉಳಿದೇ ಇರುತ್ತದೆ: ಅಲ್ಲಿ ತಪ್ಪು ಅರ್ಧ ಹೆಜ್ಜೆ, ಅಂದರೆ ಹೆಚ್ಚೆಂದರೆ 0.0039, ಎರಡು ದಶಮಾಂಶಕ್ಕೆ ರೌಂಡ್ ಮಾಡಿದರೆ ಟೈಪ್ ಮಾಡಿದ ಸಂಖ್ಯೆಯೇ ಮರಳಿ ಬರುತ್ತದೆ. ಮೊದಲು ಬ್ಯಾಕಪ್ ತೆಗೆದು, ಆ ಎರಡು ಕಾಲಮುಗಳನ್ನು ರೌಂಡ್ ಮಾಡಿ ಡೆಸಿಮಲ್ಲಿಗೆ ತನ್ನಿ. ಹಳೆಯ ಮೊತ್ತವನ್ನು ತಿದ್ದಲು ಹೋಗದೆ, ತೂಕ ಗುಣಿಸು ದರ ಎಂದು ಹೊಸದಾಗಿಯೇ ಲೆಕ್ಕ ಹಾಕಿ, ಹಳೆಯದರ ಜೊತೆ ವ್ಯತ್ಯಾಸವಿರುವ ಪಟ್ಟಿಗಳ ಸಂಖ್ಯೆಯನ್ನು ಅಂಗಡಿಯ ಗುಮಾಸ್ತರಿಗೆ ಕೊಡಿ.